ರಂಗಕ್ಕನ ಅಳತೆ ದಾರ

ಸೌಂದರ್ಯ ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಕೈ ಹಾಕುವಷ್ಟರಲ್ಲಿ ಎದುರುಮನೆಯ ಬಸವಲಿಂಗಮ್ಮ ಅದರ ಮೇಲೆ ತನ್ನ ಕೈ ಊರಿ ನಿಲ್ಲಿಸಿಬಿಟ್ಟಳು.

"ಬ್ಯಾಡ ಕಣವ್ವ. ಹೆಣ ಒಳಗೈತೆ. ಹೆಣ ಇರೋ ಮನೇಲಿ ಚಕ್ರ ತಿರುಗಬಾರದು. ಬೀಸೋ ಕಲ್ಲೇ ತಿರುವಲ್ಲ, ಇದನ್ನ ತಿರುವ್ತೀಯಾ?"

ಪಡಸಾಲೆಯಲ್ಲಿ ಸೌಂದರ್ಯಳ ಅತ್ತೆ ರಂಗಕ್ಕ ಮಲಗಿದ್ದಳು. ಬೆಳಗಿನ ಜಾವ ನಿದ್ದೆಯಲ್ಲೇ ಹೋದ ಜೀವ. ಸ್ನಾನ ಮಾಡಿಸಿ ಹಣೆಗೆ ಅರಿಶಿನ ಕುಂಕುಮ ಇಟ್ಟಾಗಿತ್ತು. ತಲೆಯ ಬಳಿ ಕಡಲೆಕಾಯಿ ಎಣ್ಣೆಯ ದೀಪ ಅಲುಗದೆ ಉರಿಯುತ್ತಿತ್ತು. ಮೈಮೇಲೆ ಹೊದಿಸಿದ್ದು ಮಾತ್ರ ಒಂದು ಬಿಳಿ ಪಂಚೆ. ತವರಿನ ಸೀರೆ ಬರದೆ ಮುತ್ತೈದೆಯನ್ನು ಸಿಂಗರಿಸುವಂತಿಲ್ಲ. ಅವಳ ತಮ್ಮ ಪಾತಣ್ಣ ಬಿ.ಜಿ. ಕೆರೆಯಿಂದ ಅದನ್ನು ಹಿಡಿದುಕೊಂಡು ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆ, ಗಿಣಿ ಹಸಿರು ಬಣ್ಣದ್ದು. ಕುಬುಸದ ಬಟ್ಟೆ ಸೀರೆಯ ಒಂದು ತುದಿಗೆ ಸೇರಿಯೇ ನೇಯ್ದು ಬಂದಿತ್ತು. ಹೊಲದಲ್ಲಿ ಗುಂಡಿ ತೆಗೆಯುವವರು ಆಗಲೇ ಹೋಗಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು.

"ಕುಬುಸ ಯಾಕೆ ಬೇಕವ್ವ ಈಗ?" ಎಂದಳು ಹೆಣದ ಬಳಿ ಕೂತಿದ್ದ ರೇಣುಕಮ್ಮ. ರಂಗಕ್ಕನ ನಾದಿನಿ, ಚಳ್ಳಕೆರೆಯಿಂದ ಬಂದವಳು. "ಮೈ ಆಗಲೇ ಬಿಗಿದೈತೆ. ಸೀರೆ ಸುತ್ತಿದ್ರೆ ಆತು. ನಮ್ ಕಡೆ ಎಲ್ಲಾ ಹಂಗೇ ಕಳಸ್ತಾರೆ."

"ಈ ಊರಲ್ಲಿ ಹಂಗಿಲ್ಲ ಚಿಕ್ಕತ್ತೆ," ಎಂದಳು ಸೌಂದರ್ಯ. "ಅತ್ತೆ ಯಾರನ್ನೂ ಹಂಗೆ ಕಳಿಸಿಲ್ಲ. ನಾನು ಅವರನ್ನ ಹಂಗೆ ಕಳಿಸಲ್ಲ."

"ಕಳಿಸಿಲ್ಲ, ಖರೆ," ಎಂದಳು ಬಸವಲಿಂಗಮ್ಮ. ಚಕ್ರದ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ. "ಆದ್ರೆ ಅವಳು ಹೊಲಿಯೋವಾಗ ಹೆಣ ಒಂದು ಮನೇಲಿ, ಮೆಷಿನ್ನು ಒಂದು ಮನೇಲಿ ಇರ್ತಿತ್ತು. ಇವತ್ತು ಎರಡೂ ಒಂದೇ ಸೂರಿನಡಿ ಅವೆ. ಅಲ್ಲದೆ ನೀನು ಹೊಲಿದಿದ್ದು ಯಾವಾಗ? ಏಳು ವರ್ಷದಿಂದ ಹುಕ್ಕು ಹಾಕ್ತೀಯಾ, ಅಂಚು ಮಡಸ್ತೀಯಾ. ಯಾರಾದ್ರೂ ಬಂದು ನಿಂತ್ರೆ ನಿನ್ನ ಚಕ್ರ ಹಿಂದಕ್ಕೆ ಓಡ್ತೈತೆ. ನಾನು ನೋಡಿಲ್ವಾ?"

ಸೌಂದರ್ಯ ತಲೆ ತಗ್ಗಿಸಿದಳು. ಅದೂ ಖರೆಯೇ ಆಗಿತ್ತು.

* * *

ಕೊಂಡ್ಲಹಳ್ಳಿಯಲ್ಲಿ ಆ ಪದ್ಧತಿ ಶುರುವಾದದ್ದು ಬಸವಲಿಂಗಮ್ಮನ ಮನೆಯಿಂದಲೇ. ಮೂವತ್ತು ವರ್ಷದ ಹಿಂದೆ ಅವಳ ಅತ್ತೆ ಯರ್ರಮ್ಮ ತೀರಿಕೊಂಡಾಗ ಹೆಂಗಸರು ನಾಲ್ಕು ಜನ ಸೇರಿ ಹೆಣಕ್ಕೆ ಕುಬುಸ ತೊಡಿಸಲು ಹೆಣಗುತ್ತಿದ್ದರು. ಬಿಗಿದ ತೋಳು ಬಾಗಲಿಲ್ಲ. ಯಾರೋ ಬಲವಾಗಿ ಹಿಂದಕ್ಕೆ ಎಳೆದರು. ಮೊಳಕೈಯ ಹತ್ತಿರ ಲಟಕ್ಕೆಂದು ಸದ್ದಾಯಿತು.

ಬಾಗಿಲಲ್ಲಿ ನಿಂತಿದ್ದ ರಂಗಕ್ಕ ಒಳಗೆ ಬಂದು ಆ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. "ಬಿಡ್ರವ್ವ. ಜೀವ ಇದ್ದಾಗ ಈ ಕೈ ಎಷ್ಟು ರೊಟ್ಟಿ ತಟ್ಟೈತೆ. ಈಗ್ಯಾಕೆ ತಿರುಚ್ತೀರಿ?"

ತವರಿನ ಬಟ್ಟೆ ಎತ್ತಿಕೊಂಡು ಎದುರಿನ ತನ್ನ ಮನೆಗೆ ಹೋದಳು. ಅರ್ಧ ಗಂಟೆಯಲ್ಲಿ ಒಂದು ಕುಬುಸ ಹೊಲಿದು ತಂದಳು. ಮುಂದೆ ಎಲ್ಲ ಕುಬುಸದಂತೆಯೇ. ಹಿಂದೆ ಮಾತ್ರ ಪೂರ್ತಿ ತೆರೆದಿತ್ತು, ತೋಳಿನ ಕೆಳಗೂ ತೆರೆದಿತ್ತು. ಮಲಗಿದ್ದಂತೆಯೇ ಮೇಲಿನಿಂದ ಹೊದಿಸಿ, ಬೆನ್ನಿನಡಿ ಕೈ ತೂರಿಸಿ, ದಾರದಿಂದ ಕಟ್ಟಿದಳು. ಯರ್ರಮ್ಮ ಹಬ್ಬಕ್ಕೆ ಹೊರಟವಳ ಹಾಗೆ ಕಂಡಳು.

ಕಟ್ಟಿದ ಆ ದಾರ ಯರ್ರಮ್ಮನ ಅಳತೆಯದು. ರಂಗಕ್ಕನಿಗೆ ಓದು ಬರಹ ಇರಲಿಲ್ಲ. ಊರಿನ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ದಾರ ಇಟ್ಟಿದ್ದಳು. ತೋಳಿಗೊಂದು ಗಂಟು, ಬೆನ್ನಿಗೊಂದು, ಎದೆಗೊಂದು. ಯಾರದೆಂದು ತಿಳಿಯಲು ಅವರ ಬಟ್ಟೆಯ ಒಂದು ಚೂರನ್ನೇ ತುದಿಗೆ ಕಟ್ಟುತ್ತಿದ್ದಳು. ಬಾಗಿಲ ಹಿಂದಿನ ಮೊಳೆಗೆ ಅವೆಲ್ಲ ಗೊಂಚಲಾಗಿ ತೂಗುತ್ತಿದ್ದವು. ಊರಲ್ಲಿ ಯಾವ ಹೆಂಗಸು ಹೋದರೂ ಅವಳ ದಾರವನ್ನು ಮೊಳೆಯಿಂದ ಇಳಿಸಿ, ಅವಳ ಕೊನೆಯ ಕುಬುಸಕ್ಕೆ ಅದರಿಂದಲೇ ಕಟ್ಟು ಹಾಕಿ ಕಳಿಸುವುದು ಅಂದಿನಿಂದ ರೂಢಿಯಾಯಿತು.

* * *

ಬೆಳಗಿನಿಂದ ಗೋಡೆಗೆ ಒರಗಿ ಕೂತಿದ್ದ ಜೋಗಪ್ಪ, ರಂಗಕ್ಕನ ಗಂಡ, ಮೆಲ್ಲಗೆ ಕೇಳಿದ.

"ಬಸವಲಿಂಗಕ್ಕ, ನಿಮ್ಮತ್ತೆ ಕುಬುಸ ಎಲ್ಲಿ ಹೊಲಿದಿದ್ಲು ನಮ್ಮೋಳು?"

"ಇಲ್ಲೇ. ನಿಮ್ಮನೇಲಿ."

"ಇವತ್ತು ನಿಮ್ಮನೇಲಿ ಯಾರೂ ಹೋಗಿಲ್ಲವಲ್ಲ."

ಬಸವಲಿಂಗಮ್ಮ ಅವನನ್ನೇ ನೋಡಿದಳು. ಆಮೇಲೆ ಪಡಸಾಲೆಯಲ್ಲಿ ಮಲಗಿದ್ದವಳನ್ನು ನೋಡಿದಳು. ಸೆರಗು ಎಳೆದುಕೊಂಡು ಎದ್ದಳು.

"ಎತ್ರಿ ಹಂಗಾದ್ರೆ ಮೆಷಿನ್ನ. ನಮ್ ಜಗಲಿ ಮೇಲಿಡ್ರಿ. ಬಿಸಿಲೈತೆ, ಚಾಪೆ ಅಡ್ಡ ಕಟ್ತೀನಿ. ಆದ್ರೆ ಹೊಲಿಯೋಕೆ ಬರ್ತೈತೋ ಇಲ್ವೋ, ಅದು ನಿನ್ನ ಸೊಸೆಗೆ ಬಿಟ್ಟಿದ್ದು."

ಮಗ ಅಂಜಿನೇಯ ಒಂದು ಕಡೆ, ಪಾತಣ್ಣ ಇನ್ನೊಂದು ಕಡೆ ಕೈ ಕೊಟ್ಟರು. ಹೊಸ್ತಿಲಲ್ಲಿ ಮೆಷಿನ್ನಿನ ಕಬ್ಬಿಣದ ಕಾಲು ತಗುಲಿ ತೊಗಲಿನ ಬೆಲ್ಟು ಜಾರಿ ಬಿತ್ತು.

"ಏನ್ ಭಾರನಲೇ ಇದು," ಎಂದ ಪಾತಣ್ಣ ಏದುಸಿರು ಬಿಡುತ್ತ. "ಅಕ್ಕನ್ನ ಹೊರೋದೇ ಸಲೀಸು."

ಅಷ್ಟು ಹೊತ್ತಿನಲ್ಲಿ ಮೊದಲ ಸಲ ಯಾರೋ ಸಣ್ಣಗೆ ನಕ್ಕರು.

ಬೀದಿಯ ಆಚೆ ಜಗಲಿಯ ಮೇಲೆ ಮೆಷಿನ್ನು ಕೂತಿತು. ಒಂದು ಕಾಲು ಗಾಳಿಯಲ್ಲಿತ್ತು. ಸೌಂದರ್ಯ ಹಂಚಿನ ಚೂರು ಹುಡುಕಿ ಅಡಿಗೆ ಕೊಟ್ಟು, ಅಲುಗಾಡಿಸಿ ನೋಡಿದಳು. ಬೆಲ್ಟನ್ನು ಮೊದಲು ಕೆಳಗಿನ ದೊಡ್ಡ ಚಕ್ರಕ್ಕೆ, ಆಮೇಲೆ ಮೇಲಿನ ಸಣ್ಣ ಚಕ್ರಕ್ಕೆ ಏರಿಸಿದಳು. ಕೈಯಲ್ಲಿ ತಿರುಗಿಸಿದಾಗ ಕಿರ್ರೆಂದಿತು. ಬಸವಲಿಂಗಮ್ಮ ಒಳಗೆ ಹೋಗಿ ಸೌಟಿನಲ್ಲಿ ಕಡಲೆಕಾಯಿ ಎಣ್ಣೆ ತಂದು ಹಿಡಿದಳು.

"ತಗ. ಬಿಡು ಎರಡು ತೊಟ್ಟು."

ಜೋಗಪ್ಪ ಬೀದಿಯ ಆಚೆಯಿಂದಲೇ ಕೈ ಎತ್ತಿದ. "ಅಕ್ಕ, ಅದು ಬ್ಯಾಡ. ಅದೊಂದು ಮಾತ್ರ ಬ್ಯಾಡ."

* * *

ಮೆಷಿನ್ನು ಬಂದದ್ದು ಅಂಜಿನೇಯ ಹುಟ್ಟುವ ಮುಂಚೆ. ಚಳ್ಳಕೆರೆಯ ಅಂಗಡಿಯಲ್ಲಿ ಕೊಂಡು, ಬಸ್ಸಿನ ಮೇಲೆ ಹಾಕಿ, ಕಾಲು ಬೇರೆ ತಲೆ ಬೇರೆಯಾಗಿ ಜೋಗಪ್ಪ ತಂದಿದ್ದ. ಗಂಡ ಹೆಂಡತಿ ಇಬ್ಬರೇ ಸೇರಿ ಜೋಡಿಸಿದರು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಚಕ್ರಕ್ಕೆ ಹಣೆ ಮುಟ್ಟಿಸಿದರು. ಎಣ್ಣೆ ಬಿಡಬೇಕು ಎಂದು ಅಂಗಡಿಯವನು ಹೇಳಿದ್ದ. ಯಾವ ಎಣ್ಣೆ ಎಂದು ಇವರು ಕೇಳಿರಲಿಲ್ಲ. ಊರ ತುಂಬ ಎಣ್ಣೆ ಮಿಲ್ಲುಗಳಿರುವ ಚಳ್ಳಕೆರೆಯಿಂದ ಬಂದ ಮೆಷಿನ್ನು. ದೇವರ ದೀಪಕ್ಕೆ, ಒಗ್ಗರಣೆಗೆ, ಮಗುವಿನ ನೆತ್ತಿಗೆ ಎಲ್ಲಕ್ಕೂ ಒಂದೇ ಎಣ್ಣೆ ಇದ್ದ ಮನೆ. ರಂಗಕ್ಕ ಗಾಣದ ಹೊಸ ಕಡಲೆಕಾಯಿ ಎಣ್ಣೆಯನ್ನು ಕಂಡ ತೂತಿಗೆಲ್ಲ ಧಾರಾಳವಾಗಿ ಬಿಟ್ಟಳು.

ಎರಡು ದಿನ ಮೆಷಿನ್ನು ಹೂವಿನಂತೆ ಓಡಿತು. ಹದಿನೈದನೆಯ ದಿನ ಅಂಟು ಹಿಡಿದು ಬೆಲ್ಲದ ಅಚ್ಚಿನ ಹಾಗೆ ನಿಂತುಬಿಟ್ಟಿತು. ಒಳಗೆ ಇರುವೆ ಸಾಲು ಕಟ್ಟಿದ್ದವು. ಚಳ್ಳಕೆರೆಯಿಂದ ಬಂದ ರಿಪೇರಿಯವನು ಮುಚ್ಚಳ ಬಿಚ್ಚಿ ಮೂಸಿ ನೋಡಿ, "ಏನಮ್ಮ, ಬೋಂಡ ಕರೀಬೇಕಂತಿದ್ಯಾ?" ಎಂದಿದ್ದ.

ರಂಗಕ್ಕ ನಾಚಲಿಲ್ಲ. ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಸೀಮೆಎಣ್ಣೆಯಲ್ಲಿ ಒಂದೊಂದು ಭಾಗವನ್ನು ತಾನೇ ತೊಳೆದಳು. ಯಾವುದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡಿಕೊಂಡಳು. ಸಂಜೆ ಅವನು ಹೊರಟಾಗ, "ಇನ್ನ ನೀನು ಬರೋದು ಬ್ಯಾಡಣ್ಣ," ಎಂದಳು. ಅವನು ಮತ್ತೆ ಬರಲಿಲ್ಲ.

* * *

ಮೆಷಿನ್ ಎಣ್ಣೆಯ ಡಬ್ಬಿ ಡ್ರಾಯರಿನಲ್ಲೇ ಇತ್ತು. ಸೌಂದರ್ಯ ಬೇಕಾದ ಕಡೆಗೆ ಒಂದೊಂದು ತೊಟ್ಟು ಬಿಟ್ಟು, ಚಿಂದಿಯಿಂದ ಒರೆಸಿದಳು. ಬಸವಲಿಂಗಮ್ಮ ಸೌಟನ್ನು ಹಿಡಿದುಕೊಂಡೇ ನಿಂತಿದ್ದಳು.

"ಅಳತೆ?" ಎಂದಳು. "ಮೊಳೇಲಿ ರಂಗೀದು ದಾರ ಐತಾ?"

ಇರಲಿಲ್ಲ. ಸೌಂದರ್ಯ ಎರಡು ಸಲ ಗೊಂಚಲು ಬಿಡಿಸಿ ನೋಡಿದ್ದಳು. ಊರಿನ ನಲವತ್ತು ಹೆಂಗಸರ ದಾರ ಇತ್ತು. ಅಳೆದವಳದು ಮಾತ್ರ ಇರಲಿಲ್ಲ. ಟ್ರಂಕಿನಲ್ಲಿದ್ದ ಅವಳ ಕುಬುಸಗಳನ್ನು ತೆಗೆದು ನೋಡಿದರೆ ಒಂದಕ್ಕೊಂದು ಹೊಂದಿಕೆ ಇಲ್ಲ. ಎಲ್ಲ ಬೇರೆಯವರ ಬಟ್ಟೆಯಲ್ಲಿ ಉಳಿದ ಚೂರು ಜೋಡಿಸಿ ಹೊಲಿದವು. ಒಂದರ ತೋಳು ಮದುವಣಗಿತ್ತಿಯ ರೇಷ್ಮೆ, ಬೆನ್ನು ಯಾರದೋ ಹೂವಿನ ಚೀಟಿ ಬಟ್ಟೆ. ಬಟ್ಟೆ ಎಷ್ಟು ಸಿಕ್ಕಿತೋ ಅಷ್ಟು ಅಳತೆ.

ಸೌಂದರ್ಯ ಉಂಡೆಯಿಂದ ಬಿಳಿ ದಾರ ಎಳೆದುಕೊಂಡು ಪಡಸಾಲೆಗೆ ಬಂದಳು. ಅತ್ತೆಯ ಪಕ್ಕ ಮಂಡಿಯೂರಿದಳು. ಭುಜದಿಂದ ಮೊಳಕೈವರೆಗೆ ದಾರ ಹಿಡಿದು ಒಂದು ಗಂಟು ಹಾಕಿದಳು. ತೋಳು ತಣ್ಣಗಿತ್ತು. ಇಷ್ಟು ಸಣ್ಣ ತೋಳೇ ಇದು ಎಂದು ಅವಳಿಗೆ ಅನ್ನಿಸಿತು. ಬೆನ್ನಿನಡಿ ಕೈ ತೂರಿಸಿ ಇನ್ನೊಂದು ಗಂಟು, ಎದೆಗೆ ಮತ್ತೊಂದು. ರೇಣುಕಮ್ಮ ಒಂದು ಕಡೆ ಪಂಚೆಯನ್ನು ಎತ್ತಿ ಹಿಡಿದಳು.

ಜಗಲಿಗೆ ಬಂದು ಸೀರೆಯ ತುದಿಯನ್ನು ಹಾಸಿ, ಸೆರಗಿನ ಕಡೆ ಯಾವುದು, ಕುಬುಸದ ಕಡೆ ಯಾವುದು ಎಂದು ಎರಡು ಸಲ ನೋಡಿ, ಕತ್ತರಿ ಇಟ್ಟಳು. ಬೇರೆಯವರಿಗೆಂದು ಅವಳು ಕತ್ತರಿಸಿದ ಮೊದಲ ಬಟ್ಟೆ ಅದು. ಅಷ್ಟರಲ್ಲಿ ಬೀದಿ ತುಂಬ ಜನ ಸೇರಿದ್ದರು. ಕೈಲಿ ಹೂವಿನ ಹಾರ ಹಿಡಿದವರು, ಊದುಬತ್ತಿ ಹಿಡಿದವರು, ಸುಮ್ಮನೆ ಸೊಂಟದ ಮೇಲೆ ಕೈ ಇಟ್ಟವರು. ಎಲ್ಲರ ಕಣ್ಣೂ ಅವಳ ಕಾಲಿನ ಮೇಲೆ.

ಅವಳು ತುಳಿದಳು. ಚಕ್ರ ಹಿಂದಕ್ಕೆ ತಿರುಗಿತು. ದಾರ ಪಟ್ಟನೆ ಕಡಿಯಿತು.

"ನಾನು ಹೇಳ್ಲಿಲ್ವಾ," ಎಂದು ಯಾರಿಗೋ ಹೇಳಿದಳು ಬಸವಲಿಂಗಮ್ಮ.

"ಹೊತ್ತಾಗ್ತೈತೆ," ಎಂದ ಪಾತಣ್ಣ ಆಕಾಶ ನೋಡುತ್ತ.

ಸೌಂದರ್ಯ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಮತ್ತೆ ಸೂಜಿಗೆ ಪೋಣಿಸಿದಳು. ಮದುವೆಯಾಗಿ ಬಂದ ವರ್ಷ ಅತ್ತೆ ತಿಂಗಳುಗಟ್ಟಲೆ ದಾರವಿಲ್ಲದ ಮೆಷಿನ್ನಿನಲ್ಲಿ ಹಳೆಯ ಪೇಪರಿನ ಮೇಲೆ ಹೊಲಿಸಿದ್ದಳು. ಚಕ್ರ ಹಿಂದಕ್ಕೆ ಹೋದಾಗಲೆಲ್ಲ ಬೈಯುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದ್ದಳು. "ನಿನ್ನ ಕಾಲು ಅಂಜಿಕ್ಯಂಡು ಮೊದಲೇ ತುಳೀತೈತೆ. ಕಾಲಿಗೆ ಏನ್ ಗೊತ್ತು? ಮೊದಲು ಕೈಲಿ ಚಕ್ರನ ನಿನ್ನ ಕಡೆ ಎಳಕ. ಕಾಲು ಅದರ ಹಿಂದೆ ಬರ್ತೈತೆ. ಸೂಜಿ ಮುಂದೆ ಒಂದು ಗೇಣು ಬಟ್ಟೆ ಐತಲ್ಲ, ಅಷ್ಟನ್ನೇ ನೋಡು. ಅದರಾಚೆ ಇರೋದು ದೇವರು ನೋಡ್ಕಳ್ಳೋದು."

ಸೌಂದರ್ಯ ಬಗ್ಗಿ ಚಕ್ರಕ್ಕೆ ಹಣೆ ಮುಟ್ಟಿಸಿದಳು. ಬಲಗೈಯಲ್ಲಿ ಚಕ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. ಕಾಲು ಹಿಂದೆಯೇ ಬಂತು.

ಟಕಟಕ ಎಂದು ಮೆಷಿನ್ನು ಓಡತೊಡಗಿತು. ಬೀದಿಯ ಆಚೆ ಕೂತಿದ್ದ ಜೋಗಪ್ಪ ತಲೆ ಎತ್ತಿದ. ಒಂದು ಗಳಿಗೆ ಅವನ ಮುಖ ದಿನವೂ ಆ ಸದ್ದು ಕೇಳಿ ಚಾ ಕೇಳುವವನ ಮುಖದಂತೆ ಆಯಿತು. ಆಮೇಲೆ ಕಣ್ಣು ಮುಚ್ಚಿಕೊಂಡ. ಹಸಿರು ಬಟ್ಟೆ ಸೂಜಿಯ ಕೆಳಗೆ ಗೇಣು ಗೇಣಾಗಿ ಸರಿಯಿತು. ತೋಳು ಕೂತಿತು, ಅಂಚು ಮಡಚಿಕೊಂಡಿತು. ಸೌಂದರ್ಯ ಒಮ್ಮೆಯೂ ತಲೆ ಎತ್ತಲಿಲ್ಲ.

ಹೊಲಿದು ಮುಗಿಸಿ, ಪಡಸಾಲೆಗೆ ಬಂದು, ಮಲಗಿದ್ದವಳ ಮೇಲೆ ಕುಬುಸ ಹೊದಿಸಿದಳು. ಯಾವ ಕೈಯನ್ನೂ ಯಾರೂ ಎಳೆಯಲಿಲ್ಲ. ಮೂರು ಗಂಟಿನ ಬಿಳಿ ದಾರವನ್ನು ಬೆನ್ನಿನಡಿ ತೂರಿಸಿ ಕಟ್ಟಿದಳು. ಮೇಲೆ ಗಿಣಿ ಹಸಿರು ಸೀರೆ ಬಂತು, ಮಲ್ಲಿಗೆ ಬಂತು, ಹಸಿರು ಬಳೆ ಬಂತು. ರೇಣುಕಮ್ಮ ತೋಳಿನ ಅಂಚನ್ನು ಬೆರಳಲ್ಲಿ ಸವರಿ, "ಒಂದು ಸುಕ್ಕಿಲ್ಲವಲ್ಲ," ಎಂದು ಅತ್ತಳು.

ಹೊತ್ತು ಮುಳುಗುವ ಮೊದಲೇ ರಂಗಕ್ಕ ತನ್ನ ಹೊಲದ ಬೇವಿನ ಮರದ ಬುಡದಲ್ಲಿ ಮಣ್ಣಾದಳು.

ಮಣ್ಣಿಗೆ ಹೋದವರು ಕಾಲು ತೊಳೆದು, ಪಡಸಾಲೆಯ ದೀಪ ನೋಡಿ, ಒಬ್ಬೊಬ್ಬರೇ ಮನೆಗೆ ಹೊರಟರು. ಕೊನೆಗೆ ಬಸವಲಿಂಗಮ್ಮ ಬಂದಳು. ದೀಪಕ್ಕೆ ಕೈ ಮುಗಿದು, ಹಾಗೇ ಹೋಗದೆ ಬಾಗಿಲ ಹಿಂದೆ ಕೈ ಹಾಕಿದಳು. ಗೊಂಚಲು ತಡವಿ, ಕಂದು ಚೌಕಳಿಯ ಚೂರು ಕಟ್ಟಿದ್ದ ಒಂದು ದಾರವನ್ನು ಮೊಳೆಯಿಂದ ಬಿಡಿಸಿಕೊಂಡಳು.

"ಇದು ನಂದು," ಎಂದಳು. "ರಂಗಿ ಇದನ್ನ ಕಟ್ಟಿ ಆರು ವರ್ಷ ಆತು. ಆಗ ಮೈಯಾಗೆ ಒಂದಿಷ್ಟು ಮಾಂಸ ಇತ್ತು. ಈಗ ಈ ಅಳತೆ ಸುಳ್ಳಾಗೈತೆ. ಹೊಸದಾಗಿ ಅಳೆ."

"ಸೂತಕದ ಹನ್ನೊಂದು ದಿನ ಕಳೀಲಿ ಅಜ್ಜಿ. ಮೆಷಿನ್ನು ನಿಮ್ ಜಗಲಿ ಮೇಲೇ ಐತೆ."

"ಹೊಲಿ ಅಂದ್ನಾ ನಾನು? ಅಳೆ ಅಂದೆ. ಅಳೆಯೋಕೆ ಚಕ್ರ ತಿರುಗಬೇಕಾ?"

ಹಳೆಯ ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಹೊಸ್ತಿಲ ಆಚೆಗೆ ಇಳಿದಳು. ಸಂಜೆ ಬೆಳಕು ಇನ್ನೂ ಉಳಿದಿದ್ದ ಅಂಗಳದಲ್ಲಿ ಬೆನ್ನು ನೆಟ್ಟಗೆ ಮಾಡಿ, ಹಬ್ಬದ ಅಂಗಿಗೆ ಅಳತೆ ಕೊಡುವ ಮಗುವಿನ ಹಾಗೆ ಎರಡೂ ಕೈ ಅಗಲಿಸಿ ನಿಂತಳು. ಸೌಂದರ್ಯ ಉಂಡೆಯಿಂದ ಹೊಸ ದಾರ ಎಳೆದು, ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅವಳ ಭುಜದ ಮೇಲೆ ಬೆರಳಿಟ್ಟಳು.