ಸುಬ್ಬಲಕ್ಷ್ಮಮ್ಮನ ಮೆತ್ತನೆ ಟೈರು

ಟೈರು ಅಂದರೆ ಗಟ್ಟಿಯಾಗಿರಬೇಕು ಅನ್ನುವುದು ತಾಂಡವಪುರದ ಹೇಮಂತನ ಮನೆಯಲ್ಲಿ ಯಾರೂ ಎದುರಾಡದ ಮಾತು. ಟ್ರ್ಯಾಕ್ಟರಿಗಾಗಲಿ, ಗಾಡಿಗಾಗಲಿ, ಹೆಬ್ಬೆರಳಲ್ಲಿ ಒತ್ತಿ ನೋಡುವುದು. ಒಂದಿಷ್ಟೂ ಬಗ್ಗದಿದ್ದರೆ ಅದೇ ಒಳ್ಳೆಯ ಮಾಲು. ನಂಜನಗೂಡಿನ ಟೈರ್ ಅಂಗಡಿಯಲ್ಲೂ ಹೇಮಂತ ಅದನ್ನೇ ಮಾಡುತ್ತಿದ್ದ. ಮಗ ಸಂತೆಯಲ್ಲಿ ಕುಂಬಳಕಾಯಿ ಆರಿಸುವವನ ಹಾಗೆ ಒಂದೊಂದನ್ನೇ ಒತ್ತುವುದನ್ನು ನೋಡಿ, ಕುರ್ಚಿಯಲ್ಲಿ ಕೂತಿದ್ದ ಅವನ ತಾಯಿ ಸುಬ್ಬಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು? ಕಾರು ಅವಳದು! ಕೆಂಪಗೆ, ನೆಲಕ್ಕೆ ಅಂಟಿಕೊಂಡು ಓಡುವ, ಕಾಲೇಜು ಹುಡುಗರು ತಿರುತಿರುಗಿ ನೋಡುವ ಸ್ಪೋರ್ಟ್ಸ್ ಕಾರು. ಹಸು ಸಾಕಿ, ಡೈರಿಗೆ ಹಾಲು ಹಾಕಿ, ಅರವತ್ತು ತುಂಬಿದ ಮೇಲೆ ಕೊಂಡದ್ದು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತ್ತು. ಹೇಮಂತ ಮಾತ್ರ ಒಂದು ಕರಾರು ಹಾಕಿದ್ದ: ಅವಳು ವಾರಕ್ಕೊಮ್ಮೆ ಟಿ. ನರಸೀಪುರದ ತನ್ನ ತಂಗಿ ಮನೆಗೆ ಹೋಗಿ ಬರಲಿ, ಆದರೆ ಮೆಲ್ಲಗೆ ಓಡಿಸಬೇಕು. ತಪ್ಪಿದರೆ ಕೀ ಅವನ ಕೈಗೆ. ಆ ಕರಾರನ್ನು ಅವಳು ಮೊದಲ ವಾರವೇ ನಾಲೆ ಪಕ್ಕದ ತಿರುವುಗಳಲ್ಲಿ ಮುರಿದು ಹಾಕಿದ್ದಳು. ಮನೆಗೆ ಬಂದು ಏನೂ ಆಗದವಳಂತೆ ಹಸುವಿಗೆ ಬೂಸಾ ಕಲಸಿದ್ದಳು.

ಅಂಗಡಿಯ ಶಿವಮೂರ್ತಿ ಬಿಚ್ಚಿದ ಹಳೆಯ ಟೈರೊಂದನ್ನು ಹೊರಳಿಸಿ ನೋಡಿ ನಕ್ಕ.

"ಸಾ, ಒಸಿ ಮೆಲ್ಲಗೆ ತಿರುಗಿಸ್ಬಾರ್ದಾ? ನೋಡಿ, ಹೊರಗಡೆ ಅಂಚು ಎಂಗೆ ತೇದೋಗದೆ."

"ಚಕ್ರದ ಅಲೈನ್‌ಮೆಂಟ್ ಎಡವಟ್ಟಾಗಿರ್ಬೇಕು ಕಣ್ರೀ," ಅಂದ ಹೇಮಂತ.

"ಅಲೈನ್‌ಮೆಂಟ್ ಸರಿಯಾಗೇ ಅದೆ. ಇದು ತಿರುವಲ್ಲಿ ಸ್ಪೀಡಾಗಿ ಓಡ್ಸೋರ ಕೆಲ್ಸ."

"ನಾನೆಲ್ಲಿ ಓಡಿಸ್ತೀನಿ? ಈ ಕಾರನ್ನ ನಮ್ಮವ್ವ ಬಿಟ್ರೆ ಇನ್ಯಾರೂ..."

ಮಾತು ಅಲ್ಲೇ ನಿಂತಿತು. ಹೇಮಂತ ನಿಧಾನವಾಗಿ ತಾಯಿಯ ಕಡೆ ತಿರುಗಿದ. ಶಿವಮೂರ್ತಿ ನಾಲಿಗೆ ಕಚ್ಚಿಕೊಂಡ. ಸುಬ್ಬಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಊರೊಳಗೆ ಕುರಿಗೂ ದಾರಿ ಬಿಟ್ಟು ಓಗ್ತೀನಿ ಕಣ್ಲಾ. ಬಯಲಿಗೆ ಬಂದಾಗ, ಎದುರಿಗೆ ಯಾರೂ ಇಲ್ಲ ಅಂತ ಕಂಡ್ಮೇಲೆ ಮಾತ್ರ ಎಕ್ಸಿಲೇಟರ್ ಒತ್ತೋದು. ಅದ್ರಲ್ಲಿ ನಂಗೆ ಏಳಕ್ಕಾಗ್ದಷ್ಟು ಖುಷಿ. ನಲ್ವತ್ತು ವರ್ಷ ಸಗಣಿ ಬಾಚಿದೀನಿ, ಇಷ್ಟೂ ಬೇಡ್ವಾ?"

"ಕೀ ಕೊಡವ್ವ," ಅಂದ ಹೇಮಂತ. ಆಮೇಲೆ ಗಟ್ಟಿ ಟೈರು ತೋರಿಸಿ, "ಇದ್ನೇ ಆಕಿ. ವರ್ಷಗಟ್ಟಲೆ ಬತ್ತದೆ," ಅಂದ.

ಶಿವಮೂರ್ತಿ ತಲೆ ಕೆರೆದುಕೊಂಡ. "ಬಾಳಿಕೆ ಬತ್ತದೆ ಸಾ. ಆದ್ರೆ ಈ ಗಾಡಿಗೆ ರಬ್ಬರು ಮೆತ್ತಗಿದ್ರೇನೇ ರಸ್ತೆ ಕಚ್ಕೊಳ್ಳೋದು. ಅದು ಬೇಗ ಸವೀತದೆ, ನಿಜ. ಆದ್ರೆ ಜಾರಲ್ಲ."

"ಮೆತ್ತಗಿರೋದೇ ಆಕಪ್ಪ," ಅಂದಳು ಸುಬ್ಬಲಕ್ಷ್ಮಮ್ಮ. "ಲೋ ಹೇಮಂತ, ಬರೋ ಸೋಮ್ವಾರ ನನ್ ಪಕ್ಕ ಕೂತ್ಕೊಂಡು ಬಾ. ನೋಡು. ಆಮೇಲೂ ಭಯ ಆದ್ರೆ ಕೀ ನೀನೇ ಮಡಿಕ್ಕೊ, ನಾನು ಕೇಳಕಿಲ್ಲ."

ಹೇಮಂತ ಒಪ್ಪಿದ. ಹೊಸ ಟೈರು ಒಂದಿಷ್ಟು ದಿನ ಜಾರುತ್ತದೆ, ಮೆಲ್ಲಗೆ ಓಡಿಸಿ ಪಳಗಿಸಿ ಅಂತ ಶಿವಮೂರ್ತಿ ಹೇಳಿದ್ದರಿಂದ, ಆ ವಾರವೆಲ್ಲ ಅವಳು ಕಾರನ್ನು ಬಾಣಂತಿಯ ಹಾಗೆ ನೋಡಿಕೊಂಡಳು.

ಸೋಮವಾರ ತಾಯಿ ಮಗ ಟಿ. ನರಸೀಪುರಕ್ಕೆ ಹೊರಟರು. ನಂಜನಗೂಡು ದಾಟುವವರೆಗೂ ಅವಳು ನಲವತ್ತು ಮೀರಲಿಲ್ಲ. ಹೇಮಂತ ಸೀಟಿಗೆ ಒರಗಿ, "ಇಂಗೇ ಓಡಿಸವ್ವ. ಇಂಗಾದ್ರೆ ನಾನ್ಯಾಕೆ ಕೀ ಕೇಳ್ಲಿ?" ಅಂದ.

ಅಯ್ಯೋ, ಎಷ್ಟು ಸಲೀಸು! ಹೀಗೇ ತೆವಳಿಕೊಂಡು ಹೋದರೆ ಕಾರು ಉಳಿಯುತ್ತದೆ. ಆಮೇಲೆ ಪ್ರತಿ ವಾರ ಕದ್ದು ಓಡಿಸುವುದು, ಟೈರು ಸವೆದಾಗಲೆಲ್ಲ ಸುಳ್ಳು ಪೋಣಿಸುವುದು. ಥೂ, ಈ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಹೆದರಿ ಕಳ್ಳಿಯಾಗಬೇಕೆ? ಸುಬ್ಬಲಕ್ಷ್ಮಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. ಕೀ ಹೋಗುವುದಾದರೆ ಮರ್ಯಾದೆಯಾಗಿ ಹೋಗಲಿ.

ಮನೆಗಳು ಮುಗಿದು ನಾಲೆ ಬಂತು. ಭತ್ತದ ಗದ್ದೆ ಎರಡೂ ಕಡೆ ಹರಡಿತ್ತು, ರಸ್ತೆ ಕಣ್ಣಿಗೆಟುಕುವವರೆಗೂ ಖಾಲಿ. ಅವಳು ಒತ್ತಿದಳು. ತಿರುವು ಬರುವ ಮೊದಲೇ ಬ್ರೇಕು ಹಿಡಿದು, ಗೇರು ಇಳಿಸಿ, ಕಾರನ್ನು ತಿರುವಿನೊಳಕ್ಕೆ ತಿರುಗಿಸಿದಳು. ಹೇಮಂತ ಬಾಗಿಲ ಮೇಲಿನ ಹಿಡಿಯನ್ನು ಗಬಕ್ಕನೆ ಹಿಡಿದ. ಮೆತ್ತನೆಯ ರಬ್ಬರು ರಸ್ತೆಯನ್ನು ಕಚ್ಚಿತು. ಕಾರು ಒಂದು ಗೇಣೂ ಆಚೀಚೆ ಸರಿಯಲಿಲ್ಲ. ಇನ್ನೊಂದು ತಿರುವು, ಮತ್ತೊಂದು. ಎದುರಿಗೆ ದೂರದಲ್ಲಿ ಹುಲ್ಲಿನ ಗಾಡಿ ಕಂಡದ್ದೇ ಅವಳು ಮೆಲ್ಲಗಾಗಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ತಂಗಿ ಮನೆಯ ಮುಂದೆ ಕಾರು ನಿಂತಾಗ ಹೇಮಂತ ಕೀಗೆ ಕೈ ಚಾಚಿದ. ಅವಳಿಗೆ ಮಾತು ಅಂದರೆ ಮಾತೇ. ಕೀ ತೆಗೆದು ಅವನ ಅಂಗೈಗೆ ಹಾಕಿ, ಕಣ್ಣು ಒರೆಸಿಕೊಂಡು ಇಳಿದಳು.

"ಎಲ್ಲಿಗವ್ವ ಓಯ್ತಿದೀಯಾ? ಬಾ, ನನ್ ಪಕ್ಕ ಕೂತ್ಕೊ," ಅಂದ ಹೇಮಂತ. ಅವನು ಆಗಲೇ ಸ್ಟೇರಿಂಗಿನ ಹಿಂದೆ ಕೂತಿದ್ದ, ಕಿವಿಯೆಲ್ಲ ಕೆಂಪಾಗಿತ್ತು. "ಚಿಕ್ಕವ್ವನ್ನ ಆಮೇಲೆ ನೋಡಾನ. ಆ ನಾಲೆ ತಿರುವಲ್ಲಿ ಬ್ರೇಕ್ ಯಾವಾಗ ಒತ್ತೋದು, ಅದ್ನ ಒಸಿ ಏಳ್ಕೊಡು."