ಮೂರು ತಿಂಗಳು ಖಡಿ ಮಷಿನ್ ಬಂದ್

ತಾವರಗೇರಾದ ಹೊರಗೆ ಬಾಬಾಸಾಬನ ಖಡಿ ಮಷಿನ್ ಹಗಲೂ ರಾತ್ರಿ ಕಲ್ಲು ಒಡೆದು ಜಲ್ಲಿ ಉಗುಳುತ್ತಿತ್ತು. ಕೂಗಳತೆಯಲ್ಲೇ ಮನೆ. ಇಪ್ಪತ್ತು ವರ್ಷ ಆ ಸದ್ದಿನಲ್ಲೇ ಉಂಡು ಮಲಗಿದ ಪುಣ್ಯಾತ್ಮನಿಗೆ ತನ್ನ ಮನೆ ನಡುಗುತ್ತದೆ ಎಂಬುದು ಗೊತ್ತಾದದ್ದು, ಮಗಳು ಮೆಹರಾಜ ಹೆರಿಗೆಗೆಂದು ಗಂಗಾವತಿಯಿಂದ ಬಂದ ಮೇಲೆಯೇ.

ಮೆಹರಾಜಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಇದು ಮೂರನೆಯದು, ಏಳು ತಿಂಗಳು. ದಿನಕ್ಕೆರಡು ಹೊತ್ತು ಎಡಮಗ್ಗುಲಾಗಿ ಮಲಗಿ ಕೂಸಿನ ಒದೆತ ಎಣಿಸಬೇಕು, ಕಡಿಮೆಯಾದರೆ ತಡಮಾಡದೆ ಬರಬೇಕು ಎಂದಿದ್ದರು ಡಾಕ್ಟರು. ತವರಿಗೆ ಬಂದ ಎರಡನೇ ದಿನವೇ ಆಕೆ ತಾಯಿ ಮೈಮುನಬಿಯ ಮುಂದೆ ಅತ್ತುಬಿಟ್ಟಳು.

“ಅಮ್ಮೀ, ಮಂಚನೂ ನಡುಗತೈತಿ. ಹೊಟ್ಟ್ಯಾಗ ಅಲುಗೋದು ಕೂಸೋ, ಮಷಿನ್ನೋ, ನನಗ ತಿಳೀವಲ್ದು.”

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಬಾಬಾಸಾಬನ ಕಿವಿಗೆ ಇದು ಬಿತ್ತು. ಕೈಯಲ್ಲಿದ್ದಿದ್ದರೆ ಆಗಲೇ ಮಷಿನ್ ನಿಲ್ಲಿಸಿಬಿಡುತ್ತಿದ್ದ. ಆದರೆ ಅನುಮತಿ ಇಲ್ಲದೆ ನಿಲ್ಲಿಸಿದರೆ ಮಷಿನ್ನಿಗೆ ಕಲ್ಲು ಕೊಡುವ ಕ್ವಾರಿಯ ಸರ್ಕಾರಿ ಲೀಸೇ ಕೈತಪ್ಪೀತು, ಅಲ್ಲಿ ದುಡಿಯುವ ಹನ್ನೆರಡು ಮನೆಗಳ ಒಲೆ ಕಾಯಂ ಆರೀತು. ಮೊದಲ ಹೆರಿಗೆ ತವರಲ್ಲೇ ಆಗಬೇಕು. ಮಗಳನ್ನು ವಾಪಸ್ ಕಳಿಸುವ ಮಾತನ್ನು ಮೈಮುನಬಿಯ ಮುಂದೆ ಎತ್ತುವ ಗಂಡೆದೆ ಅವನಿಗಿರಲಿಲ್ಲ.

ಮರುದಿನ ಕೊಪ್ಪಳದ ಬಸ್ಸು ಹತ್ತಿದ. ಗಣಿ ಕಚೇರಿಯ ಹೊರಗೆ ಅರ್ಜಿ ಬರೆಯುವ ಪರಮೇಶ ಹಳೆಯ ಪರಿಚಯ.

“ಮಷಿನ್ ಕೆಟ್ಟೈತಿ ಅಂತ ಬರೀತೀನಿ ಕಾಕಾ. ಬಾಳ ಮಂದಿ ಹಂಗ ಬರಸ್ತಾರ.”

“ಬ್ಯಾಡೋ ಪರಮೇಶ. ಕೂಸಿನ ಸಲುವಾಗಿ ಕೊಡೋ ಕಾಗದದಾಗ ಕೆಟ್ಟೈತಿ ಅನ್ನೋ ಮಾತು ಬೀಳಬಾರದು. ಇದ್ದದ್ದು ಇದ್ದಂಗ ಬರಿ.”

ಪರಮೇಶ ಹಣೆ ಚಚ್ಚಿಕೊಂಡು ಬರೆದ: ಮಗಳಿಗೆ ಕೂಸಿನ ಒದೆತ ತಿಳಿಯುತ್ತಿಲ್ಲ, ಆದ್ದರಿಂದ ಮೂರು ತಿಂಗಳು ಗಣಿ ಕೆಲಸ ನಿಲ್ಲಿಸಲು ಅನುಮತಿ ಕೊಡಬೇಕು.

ಎರಡು ದಿನ ಬಿಟ್ಟು ಸ್ಥಳ ಪರಿಶೀಲನೆಗೆ ಅಧಿಕಾರಿ ಸುರೇಖಾ ಬಂದರು. ಮಷಿನ್ನಿಗೂ ಮನೆಗೂ ಇರುವ ದೂರ ಅಳೆಸಿದರು.

“ಬಾಬಾಸಾಬ್ರ, ಒದೆತ ತಿಳೀವಲ್ದು ಅನ್ನೋ ಕಾರಣ ನಮ್ಮ ಕಾಯ್ದೆದಾಗ ಎಲ್ಲೂ ಇಲ್ರಿ.”

ಬಾಬಾಸಾಬ ಹೆಂಡತಿಯ ಕಡೆ ನೋಡಿದ. ಮಾತಾಡಿದ್ದು ಮೈಮುನಬಿ. “ಒಳಗ ಬಂದು ನೀವ ನೋಡ್ರಿ ಮೇಡಮ್ಮಾರ.”

ಸುರೇಖಾ ಮಂಚದ ಅಂಚಿಗೆ ಕೂತು, ಮೆಹರಾಜಳ ಒಪ್ಪಿಗೆ ಕೇಳಿ, ಆಕೆಯ ಹೊಟ್ಟೆಯ ಮೇಲೆ ಕೈಯಿಟ್ಟರು. ಹೊರಗೆ ಮಷಿನ್ ಗರಗರ ತಿರುಗುತ್ತಲೇ ಇತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ.

“ನನಗೂ ತಿಳೀವಲ್ದವಾ,” ಎಂದರು. ಅವರ ಮುಖ ಸಣ್ಣದಾಗಿತ್ತು. ಅಲ್ಲೇ ಕೂತು ವರದಿ ಬರೆದರು: ವಾಸದ ಮನೆಗೆ ಯಂತ್ರದ ಕಂಪನ ತಟ್ಟುತ್ತಿದೆ, ಆರೋಗ್ಯದ ದೃಷ್ಟಿಯಿಂದ ತಾತ್ಕಾಲಿಕವಾಗಿ ನಿಲ್ಲಿಸುವುದು ಸೂಕ್ತ.

ಮರುದಿನ ಸಂಜೆ ಆದೇಶ ಕೈಗೆ ಬಂತು. ಬಾಬಾಸಾಬ ತಾನೇ ಹೋಗಿ ಸ್ವಿಚ್ ಇಳಿಸಿದ. ಗೋಡೆ, ಮಂಚ, ಪಾತ್ರೆಪಗಡಿ ಎಲ್ಲ ಸುಮ್ಮನಾದವು. ಮೆಹರಾಜ ಎಡಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿದಳು.

ಅವನಿಗೆ ಒಳಗೆ ಹೋಗುವ ಧೈರ್ಯವಾಗಲಿಲ್ಲ, ಹೊಸ್ತಿಲಲ್ಲೇ ಕೂತ. ಇಷ್ಟು ದಿನ ಅಲುಗಿದ್ದೆಲ್ಲ ಬರೀ ಮಷಿನ್ನೇ ಆಗಿದ್ದರೆ? ಹತ್ತು ನಿಮಿಷ ಕಳೆಯಿತು, ಕಾಲು ತಾಸಾಯಿತು. ಒಳಗಿನಿಂದ ಮಾತಿಲ್ಲ. ಬಾಬಾಸಾಬ ಹುಟ್ಟಿದಾಗಿನಿಂದ ಅಷ್ಟು ಹೆದರಿರಲಿಲ್ಲ.

“ಒಂದು,” ಎಂದಳು ಮೆಹರಾಜ.

ಬಾಬಾಸಾಬ ಒಂದು ಬೆರಳು ಮಡಿಚಿದ.

“ಎರಡು. ಅಬ್ಬಾ, ಕೇಳಾಕ್ಹತ್ತೀರೇನು? ಮೂರು.”

ಅಪ್ಪ ಕೇಳುತ್ತಿದ್ದ. ಕಣ್ಣು ತುಂಬಿ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಎಣಿಕೆ ತಪ್ಪೀತೆಂದು ಒರೆಸಿಕೊಳ್ಳಲು ಕೈ ಬಿಚ್ಚಲಿಲ್ಲ.