ಒಟ್ಟೆ ಮುಕ್ಕಾಲು

ನಾಣ್ಯ ಕೂಡಿಡುವ ಹುಚ್ಚು ನಮ್ಮ ಮನೆ ಹೊಕ್ಕದ್ದು ಇವರು ದುಬೈ ಬಿಟ್ಟು ಬಂದ ವರ್ಷ. ಇವರು ಎಂದರೆ ನನ್ನ ಗಂಡ ಮುಸ್ತಫಾ. ಬೆನ್ನುನೋವೆಂದು ಕೆಲಸ ಬಿಟ್ಟು ಬೆಳ್ಳಾರೆಗೆ ಬಂದು ಕುಳಿತರು. ಕುಳಿತವರು ಸುಮ್ಮನಿರುತ್ತಾರಾ? ನನ್ನ ಅಡುಗೆಮನೆಗೆ ಬಂದು, ಈ ಡಬ್ಬ ಇಲ್ಲಿ ಯಾಕೆ, ಆ ಪಾತ್ರೆ ಅಲ್ಲಿ ಯಾಕೆ ಎಂದು ಉಪದ್ರ ಶುರು ಮಾಡಿದರು. ಹಾಗಾಗಿ ಒಂದು ದಿನ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ದಿರ್ಹಮ್, ರಿಯಾಲ್ ಚಿಲ್ಲರೆಯನ್ನೆಲ್ಲ ಹರಡಿಕೊಂಡು ಕೂತಾಗ ನನಗೆ ಖುಷಿಯೇ ಆಯಿತು. ಒಂದು ಮಂಡೆಬೆಚ್ಚ ಕಡಿಮೆಯಾಯಿತಲ್ಲ ಎಂದುಕೊಂಡೆ.

ಪುತ್ತೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ರವೂಫ್ ಇವರ ಶಾಲೆಯ ಗೆಳೆಯ. ಅವನಿಗೆ ಈ ಹುಚ್ಚು ಮೊದಲಿನಿಂದಲೂ ಉಂಟು. ಪ್ಲಾಸ್ಟಿಕ್ ಕಿಸೆಗಳಿರುವ ಒಂದು ಆಲ್ಬಮ್ಮು, ಒಂದು ಭೂತಗನ್ನಡಿ ತಂದುಕೊಟ್ಟ. "ಬದಿ ಹಿಡಿದು ಎತ್ತುದು, ಮುಖ ಮುಟ್ಟುದು ಬೇಡ. ಶುರುವಿಗೆ ಎಲ್ಲಿಗೂ ಓಡ್ಬೇಡ ಮಾರಾಯ, ಮನೆಯಲ್ಲೇ ಎಂತ ಉಂಟು ನೋಡು" ಎಂದ. ಹಳೆಯ ನಾಣ್ಯವನ್ನು ತೊಳೆಯಬಾರದು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡನಂತೆ.

ಮನೆಯಲ್ಲಿದ್ದದ್ದು ಒಂದೇ ಹಳೆಯ ನಾಣ್ಯ. ಅದು ನನ್ನ ಅತ್ತೆ, ನಾನು ಮಾಮಿ ಎಂದು ಕರೆಯುವ ಆಸ್ಯಮ್ಮನ ತಲೆವಸ್ತ್ರದ ಮೂಲೆಯ ಗಂಟಿನಲ್ಲಿತ್ತು.

ಬ್ರಿಟಿಷರ ಕಾಲದ, ನಡುವೆ ತೂತಿರುವ ತಾಮ್ರದ ಕಾಸು ಅದು. ನಮ್ಮ ಕಡೆ ಒಟ್ಟೆ ಮುಕ್ಕಾಲು ಎನ್ನುತ್ತಾರೆ. ಕೆಲಸಕ್ಕೆ ಬಾರದವನನ್ನು ಒಟ್ಟೆ ಮುಕ್ಕಾಲಿಗೆ ಬೇಡದವನು ಎಂದು ಬೈಯುವುದೂ ಉಂಟು. ಹಿಂದೆ ದೃಷ್ಟಿ ತಾಗದಿರಲೆಂದು ಅದನ್ನು ಕಪ್ಪು ನೂಲಿಗೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದರು. ಮಸೀದಿಯ ಉಸ್ತಾದರು ಬೈದರೂ ಹೆಂಗಸರು ಬಿಡುತ್ತಿರಲಿಲ್ಲ. ಮಾಮಿ ಅದನ್ನು ಕಟ್ಟಿದ್ದು ಇವರ ತಂಗಿ ಬೀಪಾತುವಿನ ಸೊಂಟಕ್ಕೆ. ಮಾತು ಇನ್ನೂ ಸರಿಯಾಗಿ ತಿರುಗದ ವಯಸ್ಸಿನಲ್ಲಿ ಆ ಮಗು ಜ್ವರ ಬಂದು ತೀರಿಹೋಯಿತು. ಮಯ್ಯತ್ ಮೀಯಿಸುವಾಗ ಹೆಣದ ಮೈಮೇಲೆ ಏನೂ ಇರಬಾರದಲ್ಲ, ನೂಲು ಕಡಿದು ಕಾಸನ್ನು ಮಾಮಿಯ ಕೈಗೆ ಕೊಟ್ಟರು. ಅಂದಿನಿಂದ ಕಡಿದ ನೂಲಿನ ಸಮೇತ ಅದು ಅವರ ಗಂಟಿನಲ್ಲೇ ಇತ್ತು.

ಈಗ ಮಾಮಿಗೆ ನೆನಪು ಹೋಗಿದೆ. ನನ್ನನ್ನು ಕೆಲವು ದಿನ ಅವರ ತಂಗಿ ಎನ್ನುತ್ತಾರೆ, ಕೆಲವು ದಿನ ಮೀನಿನವಳು ಎನ್ನುತ್ತಾರೆ. ಇರಲಿ. ಆದರೆ ಹೊತ್ತು ಇಳಿಯುವಾಗ ಎದ್ದು, "ಬೀಪಾತು ಎಲ್ಲಿ? ಮಗು ರಸ್ತೆಗೆ ಹೋಗಿರ್ಬೇಕು" ಎಂದು ಗೇಟಿನ ಕಡೆ ಹೊರಡುತ್ತಿದ್ದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೆರಳು ತಾನಾಗಿ ಗಂಟಿಗೆ ಹೋಗುತ್ತಿತ್ತು. ಕಾಸು ಸವರುತ್ತಿದ್ದರು, ನೂಲಿನ ತುದಿ ಹಿಡಿಯುತ್ತಿದ್ದರು. ಆಮೇಲೆ, ಸಾವಿನ ಸುದ್ದಿ ಕೇಳಿದಾಗ ಹೇಳುವ ಹಾಗೆ, ಮೆಲ್ಲಗೆ "ಇನ್ನಾ ಲಿಲ್ಲಾಹಿ" ಎಂದು ಹೇಳಿಕೊಂಡು ಬಂದು ಕೂರುತ್ತಿದ್ದರು. ಮಗು ಹೋಗಿದೆ ಎಂದು ನಾವ್ಯಾರೂ ಅವರಿಗೆ ಹೇಳಬೇಕಾಗಿಯೇ ಬರಲಿಲ್ಲ.

ಇದೆಲ್ಲ ಗೊತ್ತಿದ್ದ ಮಗನೇ ಕೈ ಹಾಕಿದ್ದು ನೋಡಿ! ಮಾಮಿ ಮಧ್ಯಾಹ್ನ ಮಲಗಿದ್ದಾಗ ಗಂಟು ಬಿಚ್ಚಿ ಕಾಸು ತೆಗೆದುಕೊಂಡು ಹೋಗಿದ್ದಾರೆ. ಭೂತಗನ್ನಡಿ ಹಿಡಿದರೂ ಇಸವಿ ಕಾಣಲಿಲ್ಲವಂತೆ. ಹಿತ್ತಿಲಿನಿಂದ ಬಿಂಬುಳಿಯ ಹುಳಿಕಾಯಿ ಕೊಯ್ದು, ನಾನು ತಾಮ್ರದ ಹಂಡೆ ತಿಕ್ಕುವ ಹಾಗೆಯೇ ಉಪ್ಪು ಹಾಕಿ ತಿಕ್ಕಿದ್ದಾರೆ. ಆಲ್ಬಮ್ಮಿನ ಕಿಸೆಗೆ ನೂಲು ಅಡ್ಡ ಬಂತೆಂದು ಅದನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದ್ದಾರೆ. ನಾನು ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬಂದಾಗ, "ಶಮೀನಾ, ನೋಡು, ಸಾವಿರದ ಒಂಬೈನೂರ ನಲವತ್ತ ನಾಲ್ಕು!" ಎಂದು ಎತ್ತಿ ತೋರಿಸಿದರು. ಕಾಸು ಚಿನ್ನದಂತೆ ಹೊಳೆಯುತ್ತಿತ್ತು. ನನ್ನ ಕೈಯ ಬಟ್ಟೆ ಅಲ್ಲೇ ಬಿತ್ತು.

"ನಿಮಗೆ ಮಂಡೆ ಸಮ ಉಂಟಾ?" ಎಂದು ಕಿರುಚಿದೆ.

"ಉಮ್ಮನಿಗೆ ಖುಷಿ ಆಗ್ತದೆ ಅಂತ ಮಾಡಿದ್ದು. ಹೊಸದರ ಹಾಗೆ ಆಗಿದೆ ನೋಡು."

ಓಡಿಹೋಗಿ ಅದನ್ನು ಗಂಟಿಗೆ ಕಟ್ಟಿದೆವು. ಸಂಜೆ ಮಾಮಿ ಎದ್ದರು, ಬೀಪಾತುವನ್ನು ಕೇಳಿದರು, ಬೆರಳು ಗಂಟಿಗೆ ಹೋಯಿತು. ಸವರಿದರು. ಬಿಚ್ಚಿ ನೋಡಿದರು. "ಇದು ಯಾರದ್ದು? ನನ್ನ ಮಗುವಿನದ್ದು ಅಲ್ಲ" ಎಂದು ನನ್ನ ಕೈಗೆ ಕೊಟ್ಟರು. ಆಮೇಲೆ ಮುಖ ಅರಳಿತು. ಅಯ್ಯೋ ರಬ್ಬೇ, ಆ ಮುಖವನ್ನು ನಾನು ನೋಡಬಾರದಿತ್ತು. "ಅವಳದ್ದು ಅವಳ ಸೊಂಟದಲ್ಲೇ ಉಂಟಲ್ಲ!" ಎಂದರು.

ಅಂದಿನಿಂದ ಗೇಟಿನ ಬಳಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಶುರು. ಸುಳ್ಯದ ಬಸ್ಸು ನಿಂತರೆ ಏಳುವುದು, ಹೊರಟರೆ ಕೂರುವುದು. ಒಳಗೆ ಕರೆದರೆ ಬರುವುದಿಲ್ಲ, ಮಗುವಿನ ಪಾಲು ತೆಗೆದಿಡದೆ ಅನ್ನ ಮುಟ್ಟುವುದಿಲ್ಲ. ತೀರಿಹೋಗಿದ್ದಾಳೆ ಎಂದು ಇವರು ಒಮ್ಮೆ ಹೇಳಿಬಿಟ್ಟರು. ಮಾಮಿ ಆಗಷ್ಟೇ ಸುದ್ದಿ ಕೇಳಿದವರಂತೆ ಎದೆ ಬಡಿದುಕೊಂಡು ಅತ್ತರು. ಮರುದಿನ ಅದೂ ಮರೆತುಹೋಯಿತು, ಪುನಃ ಗೇಟು. ಆಮೇಲೆ ನಾವು ಹೇಳುವುದನ್ನೇ ಬಿಟ್ಟೆವು.

ರವೂಫ್ ಬಂದು ಕಾಸು ನೋಡಿ ತಲೆಗೆ ಕೈ ಇಟ್ಟ. "ಯಾರಾದ್ರೂ ತೊಳೀತಾರಾ ಮಾರಾಯ! ಆ ಕಪ್ಪು ಪುನಃ ಬರ್ಬೇಕಾದ್ರೆ ಮೈಯ ಬೆವರು ಬೇಕು. ಬೇರೆಂತದ್ದರಲ್ಲೂ ಆಗುದಿಲ್ಲ."

ಅದೇ ಸಂಜೆ ಇವರು ಕಪ್ಪು ನೂಲು ತಂದರು. ನಡುವಯಸ್ಸು ಮೀರಿದ ಗಂಡಸು, ಚಿಕ್ಕ ಮಗುವಿನ ಹಾಗೆ ಸೊಂಟಕ್ಕೆ ಒಟ್ಟೆ ಮುಕ್ಕಾಲು ಕಟ್ಟಿಕೊಂಡರು. ಸ್ನಾನಕ್ಕೂ ಬಿಚ್ಚಲಿಲ್ಲ. ಬೆನ್ನುನೋವೆಂದು ಬಕೆಟು ಎತ್ತದವರು ಬಿಸಿಲಿಗೆ ಹೋಗಿ ಸೌದೆ ಒಡೆದರು, ಬೆವರು ಬರಲಿ ಎಂದು. ನಗು ಬರಬೇಕಿತ್ತು, ಬರಲಿಲ್ಲ. ಆಲ್ಬಮ್ಮನ್ನು ಪುನಃ ತೆರೆಯಲೂ ಇಲ್ಲ. ಬೇಸಿಗೆಯಿಡೀ ಹಾಗೆಯೇ ಕಳೆಯಿತು. ಮಾಮಿ ಸವೆಯುತ್ತಾ ಬಂದರು. ಕಾಸು ಕಂದಿತು, ಆಮೇಲೆ ಕಪ್ಪಾಯಿತು.

ಒಂದು ಬೆಳಿಗ್ಗೆ ಇವರು ನನ್ನನ್ನು ಒಂದು ಮಾತೂ ಕೇಳದೆ ಮಾಮಿಯ ಮಂಚದಲ್ಲಿ ಹೋಗಿ ಕೂತರು. ಅಂಗಿ ಎತ್ತಿ, ಕತ್ತರಿ ಹಾಕಿ ನೂಲು ಕಡಿದು, ಕಾಸನ್ನು ನೂಲಿನ ಸಮೇತ ಮಾಮಿಯ ಅಂಗೈಗೆ ಇಟ್ಟರು. ಮಾಮಿ ಸವರಿದರು. ನೂಲಿನ ತುದಿ ಹಿಡಿದರು. ಬೆರಳು ನಿಂತಿತು.

"ಬೆಚ್ಚ ಉಂಟು. ಈಗ ಕಡಿದದ್ದಾ?" ಎಂದರು.

"ಹೌದು ಉಮ್ಮ." ಇವರ ಕಣ್ಣಿನಲ್ಲಿ ನೀರು. ಗುರುತು ಸಿಕ್ಕಿತೆಂಬ ಸಂತೋಷ.

"ಯಾರ ಸೊಂಟದ್ದು?"

ಸುಳ್ಳು ಹೇಳಬೇಕಿತ್ತು. ಬೀಪಾತುವಿನದ್ದು ಎಂದಿದ್ದರೆ ಸಾಕಿತ್ತು. ಸಂತೋಷದಲ್ಲಿ ಇವರ ಬಾಯಿಗೆ ನಿಜವೇ ಬಂತು. "ನನ್ನದೇ ಉಮ್ಮ. ಮುಸ್ತಫಾನದ್ದು."

ಮಾಮಿ ಕಾಸನ್ನು ಎದೆಗೆ ಒತ್ತಿಕೊಂಡರು. "ಇನ್ನಾ ಲಿಲ್ಲಾಹಿ" ಎಂದರು. ಆಮೇಲೆ ಮನೆ ನಡುಗುವ ಹಾಗೆ ಕೂಗಿದರು, "ನನ್ನ ಮೋನೇ! ನನ್ನ ಮುಸ್ತಫಾನೇ!"

"ಉಮ್ಮ, ನಾನು ಇಲ್ಲೇ ಉಂಟು, ಉಮ್ಮ" ಎಂದು ಇವರು ಅವರ ಕೈ ಹಿಡಿದುಕೊಂಡರು, ತನ್ನ ಮುಖವನ್ನು ಅವರ ಮುಖದ ಹತ್ತಿರ ತಂದರು. ಮಾಮಿ ಕೈ ಬಿಡಿಸಿಕೊಂಡು ತಲೆವಸ್ತ್ರ ಮುಂದಕ್ಕೆ ಎಳೆದುಕೊಂಡರು, ಪರಗಂಡಸಿನ ಎದುರು ಎಳೆದುಕೊಳ್ಳುವ ಹಾಗೆ.

ಈಗ ಎಲ್ಲ ಮರೆತರೂ ಅದೊಂದು ಮರೆಯುವುದಿಲ್ಲ. ಕಾಸು ಗಂಟಿನಲ್ಲಿ ಉಂಟಲ್ಲ. ಸಂಜೆ ಗೇಟಿನಲ್ಲಿ ಬೀಪಾತುವಿಗೆ ಕಾಯುತ್ತಾರೆ, ಕಾಯುತ್ತಾ ಕಾಯುತ್ತಾ ಮಗನಿಗಾಗಿ ಅಳುತ್ತಾರೆ. ನಿನ್ನೆ ಇವರೇ ಅನ್ನದ ತಟ್ಟೆ ಹಿಡಿದುಕೊಂಡು ಹೋದರು. ಮಾಮಿ ತಲೆಯೆತ್ತಿ ನೋಡಿ, "ಮಯ್ಯತ್ತಿಗೆ ಬಂದವರಾ? ದೂರದಿಂದ ಬಂದಿದ್ದೀರಿ, ಊಟ ಮಾಡಿ ಹೋಗಿ" ಎಂದು ತಟ್ಟೆಯನ್ನು ಇವರ ಕಡೆಗೇ ದೂಡಿದರು.

ಇವರು ಅಲ್ಲೇ ನೆಲದಲ್ಲಿ ಕೂತು ಉಂಡರು.